ಮೂರನೇ ದಿನದ ಕರೆಂಟ್

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಸಣ್ಣ ಸೋಲಾರ್ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಬಿಲ್ ಉಳಿಸೋಕೆ ಹಾಕಿಸ್ತಾರಲ್ಲ ಅದಲ್ಲ, ಕರೆಂಟೇ ಇಲ್ದೆ ಇದ್ದಾಗ ಮನೆ ನಡೀಬೇಕಲ್ಲ ಅಷ್ಟಕ್ಕೆ ಸಾಕಾಗೋವಂಥದ್ದು.

ನಮ್ಮನೆ ತೀರ್ಥಹಳ್ಳಿ ಕಡೆ, ಆಗುಂಬೆ ದಾರೀಲಿ. ಆರಿದ್ರಾ ಮಳೆ ಹಿಡೀತು ಅಂದ್ರೆ ಕಾಡೊಳಗಿನ ಲೈನ್ ಮೇಲೆ ಎಲ್ಲಾದ್ರೂ ಒಂದು ಮರ ಬಿದ್ದೇ ಬೀಳುತ್ತೆ, ಲೈನ್‌ಮ್ಯಾನ್ ಪಾಪ ಆ ಜಡಿಮಳೇಲಿ ಕತ್ತಿ ಹಿಡ್ಕೊಂಡು ಎಷ್ಟು ಕಡೆ ಅಂತ ಹೋಗ್ತಾರೆ ಹೇಳಿ. ಒಂದು ದಿನ ಎರಡು ದಿನ ಆದ್ರೆ ಹೇಗೋ ನಡೆಯುತ್ತೆ. ಕಷ್ಟ ಶುರುವಾಗೋದು ಮೂರನೇ ದಿನಕ್ಕೆ.

2019ರ ಆಗಸ್ಟ್, ಆಶ್ಲೇಷ ಮಳೆ. ಆ ವಾರ ಮಲೆನಾಡಲ್ಲಿ ಹೆಂಗೆ ಹೊಡೀತು ಅಂತ ನಿಮಗೂ ನೆನಪಿರುತ್ತೆ. ನಮ್ಮ ಅತ್ತೆಗೆ ಉಬ್ಬಸ, ತಂಡಿ ಹೆಚ್ಚಾದ್ರೆ ನೆಬ್ಯುಲೈಸರ್, ಅಂದ್ರೆ ಔಷಧಿನ ಮಂಜಿನ ಹಾಗೆ ಮಾಡಿ ಮಾಸ್ಕಲ್ಲಿ ಕೊಡೋ ಮಿಷನ್, ಹಾಕ್ಲೇಬೇಕು. ಮನೇಲಿ ಒಂದು 100 ವ್ಯಾಟ್ ಪ್ಯಾನೆಲ್, ಜೀಪಿನ ಹಳೇ ಬ್ಯಾಟರಿ, ಒಂದು ಸಣ್ಣ ಇನ್ವರ್ಟರ್ ಜೋಡಿಸಿ ಇಟ್ಕೊಂಡಿದ್ವಿ, ಸಾಕು ಅಂದ್ಕೊಂಡಿದ್ವಿ. ಮೂರನೇ ರಾತ್ರಿ ಅತ್ತೆಗೆ ಮಾಸ್ಕ್ ಹಾಕಿ ಸ್ವಿಚ್ ಒತ್ತಿದ್ರೆ ಎರಡು ನಿಮಿಷ ಓಡ್ತು, ಇನ್ವರ್ಟರ್ ಕುಂಯ್ ಕುಂಯ್ ಅಂತ ಕೂಗ್ತು, ನಿಂತೇಹೋಯ್ತು. ಕೊನೆಗೆ ಜೀಪನ್ನ ಕೊಟ್ಟಿಗೆಯಿಂದ ಅಂಗಳಕ್ಕೆ ತಂದು, ಅತ್ತೆಗೆ ಕಂಬಳಿ ಹೊದಿಸಿ ಮುಂದಿನ ಸೀಟಲ್ಲಿ ಕೂರಿಸಿ, ಇಂಜಿನ್ ಸ್ಟಾರ್ಟ್ ಇಟ್ಟು ಅದರ ಬ್ಯಾಟರಿಗೆ ಇನ್ವರ್ಟರ್ ಕ್ಲಿಪ್ ಹಾಕಿ ಔಷಧಿ ಕೊಟ್ವಿ. ಟಾರ್ಚ್ ಬೆಳಕಲ್ಲಿ ಮಾಸ್ಕಿನ ಹೊಗೆ ಕಾಣ್ತಿತ್ತು, ಮೇಲೆ ಮಳೆ ಧೋ ಅಂತಿತ್ತು. ಉಸಿರು ಸ್ವಲ್ಪ ಹಗುರ ಆದ್ಮೇಲೆ ಅವರು ಮೊದಲು ಹೇಳಿದ್ದು, "ಸಾಕು ಮಾರಾಯ್ತಿ, ಡೀಸೆಲ್ ಯಾಕೆ ಸುಡ್ತೀಯ" ಅಂತ.

ಆ ರಾತ್ರಿ ಆದ್ಮೇಲೆ ನಾನು ಕೂತು ಲೆಕ್ಕ ಕಲಿತೆ. ನಮ್ಮ ತಪ್ಪು ಎಲ್ಲಿತ್ತು ಅಂದ್ರೆ, ಸೋಲಾರ್ ಬೇಕಾಗೋದೇ ಬಿಸಿಲಿಲ್ಲದ ದಿನ, ಅದನ್ನೇ ನಾವು ಮರೆತಿದ್ವಿ. ಅಂಗಡೀಲಿ ಕೇಳಿದ್ರೆ ಬೇಸಿಗೆ ಬಿಸಿಲಿನ ಲೆಕ್ಕ ಹೇಳ್ತಾರೆ, 100 ವ್ಯಾಟ್ ಹಾಕಿ ಮೇಡಂ ಆರಾಮಾಗಿ ಬರುತ್ತೆ ಅಂತ, ಅದು ಫೆಬ್ರವರಿಗೆ ಸರಿ. ನಮಗೆ ಬೇಕಿರೋದು ಜುಲೈ ಕೊನೇಲಿ ಹಿಡಿಯೋ ಪುಷ್ಯ ಮಳೆಯ ಲೆಕ್ಕ.

ಅದಕ್ಕೆ ಪ್ಯಾನೆಲ್ ಎಷ್ಟು ಅಂತ ಶುರು ಮಾಡಬೇಡಿ, ದಿನಕ್ಕೆ ನಿಮಗೆ ಬಿಡೋಕೆ ಆಗದೇ ಇರೋದು ಯಾವುದು ಅಂತ ಶುರು ಮಾಡಿ. ನಮ್ಮನೇದು ಹೇಳ್ತೀನಿ. ಬ್ಯಾಟರಿಯಿಂದ ನೇರವಾಗಿ ಉರಿಯೋ 5 ವ್ಯಾಟಿನ ಡಿಸಿ ಬಲ್ಬ್ ಮೂರು, ಸಂಜೆ ಐದು ಗಂಟೆ ಹೊತ್ತು, ವ್ಯಾಟನ್ನ ಗಂಟೆಗೆ ಗುಣಿಸಿದ್ರೆ 75 ವ್ಯಾಟ್ ಅವರ್ ಆಯ್ತು. ಎರಡು ಮೊಬೈಲು 30. ವೈಫೈ ಡಬ್ಬಿ ನಾಲ್ಕು ಗಂಟೆ ಹಾಕಿದ್ರೆ 40. ನೆಬ್ಯುಲೈಸರ್ 150 ವ್ಯಾಟ್ ಎಳೆಯುತ್ತೆ, ನೋಡಿದ್ರೆ ಭಯ ಆಗುತ್ತೆ, ಆದ್ರೆ ಓಡೋದು ಕಾಲು ಗಂಟೆ ಅಷ್ಟೇ, ದಿನಕ್ಕೆ ಎರಡು ಸಲ ಅಂದ್ರೂ ಇನ್ವರ್ಟರ್ ತಿನ್ನೋದು ಸೇರಿ 90. ಎಲ್ಲ ಕೂಡಿದ್ರೆ 235, ಸಾವಿರ ವ್ಯಾಟ್ ಅವರ್ ಸೇರಿದ್ರೆ ಒಂದು ಯೂನಿಟ್, ಹಾಗಾಗಿ ಇದು ಹೆಚ್ಚುಕಮ್ಮಿ ಕಾಲು ಯೂನಿಟ್. ಮೂರು ದಿನಕ್ಕೆ ಮುಕ್ಕಾಲು ಯೂನಿಟ್. ಈ ಮುಕ್ಕಾಲು ಯೂನಿಟ್ ಬ್ಯಾಟರಿ ಒಳಗೇ ಇರಬೇಕು, ಸೂರ್ಯ ಬರ್ತಾನೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ. ಫ್ರಿಜ್ಜು, ಮಿಕ್ಸಿ, ಪಂಪು ಇದಕ್ಕೆ ಸೇರಿಸ್ಲೇಬೇಡಿ.

ಬ್ಯಾಟರಿ ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಇಡೀ ಜೋಡಣೆ ನಿಂತಿರೋದೇ ಅದರ ಮೇಲೆ. ಜೀಪಿನ ಬ್ಯಾಟರಿ ಇರೋದು ಇಂಜಿನ್ ಸ್ಟಾರ್ಟ್ ಮಾಡೋಕೆ, ಒಂದೇ ಸಲ ಜೋರಾಗಿ ಕೊಟ್ಟು ಮತ್ತೆ ತುಂಬ್ಕೊಳ್ಳುತ್ತೆ. ಅದನ್ನ ದಿನಾ ತಳ ಮುಟ್ಟೋವರೆಗೆ ಖಾಲಿ ಮಾಡಿದ್ರೆ ಪ್ಲೇಟ್ ಹಾಳಾಗುತ್ತೆ, ನಮ್ಮದು ಆ ವರ್ಷ ದೀಪಾವಳಿ ಕಾಣ್ಲಿಲ್ಲ. ಮನೆ ಇನ್ವರ್ಟರಿಗೆ ಹಾಕೋ 150 ಎಎಚ್, ಅಂದ್ರೆ ಆಂಪಿಯರ್ ಅವರ್, ಟ್ಯೂಬ್ಯುಲರ್ ಬ್ಯಾಟರಿ ತಗೊಳ್ಳಿ, 12 ವೋಲ್ಟಿನದು. ಎರಡನ್ನ ಗುಣಿಸಿದ್ರೆ ಲೆಕ್ಕಕ್ಕೆ 1.8 ಯೂನಿಟ್, ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗೋದು 0.9. ನಮ್ಮ ಮುಕ್ಕಾಲಿಗೆ ಸರಿಹೋಗುತ್ತೆ. ಏನೂ ಓಡಿಸದೆ ಸ್ವಲ್ಪ ಹೊತ್ತು ಬಿಟ್ಟು ವೋಲ್ಟ್ ಮೀಟರ್ ಇಟ್ಟು ನೋಡಿ, 12.7 ವೋಲ್ಟ್ ಇದ್ರೆ ತುಂಬಿದೆ, 12.2ಕ್ಕೆ ಬಂತು ಅಂದ್ರೆ ಅರ್ಧ ಆಯ್ತು, ಅಲ್ಲಿಗೆ ನಿಲ್ಲಿಸಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಬೇಡ. ಚಾರ್ಜ್ ಆಗುವಾಗ ಗ್ಯಾಸ್ ಬರುತ್ತೆ, ಮಲಗೋ ಕೋಣೇಲಿ, ಒಲೆ ಹತ್ರ ಇಡಬೇಡಿ. ದುಡ್ಡು ಇದ್ರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಳ್ಳೇದು, ನೀರು ಹಾಕೋ ಕೆಲಸ ಇಲ್ಲ, ಅರ್ಧಕ್ಕಿಂತ ಕೆಳಗೂ ಇಳಿಸಬಹುದು, ಹಾಗಾಗಿ 100 ಎಎಚ್ ಇದ್ರೂ ನಡೆಯುತ್ತೆ.

ನಾವೀಗ ಎರಡು 165 ವ್ಯಾಟ್ ಪ್ಯಾನೆಲ್ ಹಾಕಿದೀವಿ, ಜೊತೆಗೆ 30 ಆಂಪ್ಸಿನ ಎಂಪಿಪಿಟಿ ಕಂಟ್ರೋಲರ್, ಪ್ಯಾನೆಲ್ಲಿಂದ ಬ್ಯಾಟರಿ ತುಂಬೋದನ್ನ ನೋಡ್ಕೊಳ್ಳೋ ಡಬ್ಬಿ ಅದು. ಫೆಬ್ರವರೀಲಿ ದಿನಕ್ಕೆ ಒಂದು ಯೂನಿಟ್ ಮೇಲೇ ಬರುತ್ತೆ, ಅದೇ ಪ್ಯಾನೆಲ್ಲಲ್ಲಿ ಜುಲೈನ ಕೆಟ್ಟ ದಿನ 200 ವ್ಯಾಟ್ ಅವರ್ ಬಂದ್ರೆ ಹೆಚ್ಚು. ಆದ್ರೂ ಅದು ದೊಡ್ಡದು, ಅದರಲ್ಲಿ ಅರ್ಧ ಬಂದ್ರೂ ಮೂರು ದಿನದ ಬ್ಯಾಟರಿನ ಐದಾರು ದಿನಕ್ಕೆ ಎಳೆಯುತ್ತೆ. ಇನ್ನೊಂದು ಮಾತು, ಎಲ್ಲರೂ ದಕ್ಷಿಣಕ್ಕೆ ಚೆನ್ನಾಗಿ ಓರೆ ಮಾಡಿ ಇಡಿ ಅಂತಾರೆ, ಆದ್ರೆ ಜೂನ್ ಜುಲೈಲಿ ನಮ್ಮೂರಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ. ಮಳೆಗಾಲಕ್ಕೇ ಅಂತ ಹಾಕೋದಾದ್ರೆ ಜಾಸ್ತಿ ಓರೆ ಬೇಡ, ನೀರು ಹರಿದು ಪಾಚಿ ತೊಳೆದು ಹೋಗೋ ಅಷ್ಟು, ಹತ್ತು ಡಿಗ್ರಿ ಇದ್ರೆ ಸಾಕು. ಮತ್ತೆ ಅಡಿಕೆ ಮರದ ನೆರಳು! ಒಂದು ಸೋಗೆ ನೆರಳು ಮೂಲೆಗೆ ಬಿದ್ರೂ ಮೂರನೇ ಒಂದು ಪಾಲು ಕರೆಂಟ್ ಹೋಗಿಬಿಡಬಹುದು, ಮಾಡಿನ ಮೇಲೆ ಹತ್ತೋಕೆ ಮುಂಚೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿ ಬೀಳುತ್ತೆ ಅಂತ ಒಂದು ದಿನ ನೋಡಿ.

ಪಿಎಂ ಸೂರ್ಯ ಘರ್ ಅಂತ 2024ರಲ್ಲಿ ಬಂತಲ್ಲ, 3 ಕಿಲೋವ್ಯಾಟಿಗೆ 78,000 ಸಬ್ಸಿಡಿ, ಅದನ್ನ ಹಾಕಿಸಿದ್ರೆ ಕರೆಂಟ್ ಹೋದಾಗ್ಲೂ ಮನೆ ಉರಿಯುತ್ತೆ ಅಂತ ಸುಮಾರು ಜನ ಅಂದ್ಕೊಂಡಿದಾರೆ. ಬ್ಯಾಟರಿ ಇಲ್ಲದೆ ಬರೀ ಲೈನಿಗೆ ಜೋಡಿಸಿದ್ದಾದ್ರೆ ಉರಿಯಲ್ಲ. ಲೈನ್ ಸತ್ತ ತಕ್ಷಣ ಅದರ ಇನ್ವರ್ಟರೂ ಆಫ್ ಆಗುತ್ತೆ, ಆಗ್ಲೇಬೇಕು, ಇಲ್ಲಾಂದ್ರೆ ನಿಮ್ಮನೆ ಕರೆಂಟ್ ವಾಪಸ್ ಲೈನಿಗೆ ಹೋಗಿ ಕಂಬದ ಮೇಲಿರೋ ಮನುಷ್ಯನ ಜೀವ ಹೋಗುತ್ತೆ. ಅದಕ್ಕೇ ಕೈ ಮುಗಿದು ಕೇಳ್ಕೊಳ್ತೀನಿ, ಸಣ್ಣ ಇನ್ವರ್ಟರಿನ ವೈರ್ ತಂದು ಗೋಡೆ ಪ್ಲಗ್ಗಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡೋ ಕೆಲಸ ಯಾರೂ ಮಾಡಬೇಡಿ. ಸೋಲಾರ್ ಬಲ್ಬಿಗೆ ಬೇರೇನೇ ವೈರ್ ಎಳೀರಿ.

12 ವೋಲ್ಟಲ್ಲಿ ಸಣ್ಣ ವೈರ್ ನಡೆಯಲ್ಲ, ಬಿಸಿ ಆಗುತ್ತೆ, ದಾರೀಲೇ ವೋಲ್ಟೇಜ್ ಸೋರಿಹೋಗುತ್ತೆ, ಬ್ಯಾಟರಿ ಇನ್ವರ್ಟರ್ ಹತ್ರ ಹತ್ರ ಇರಲಿ, ದಪ್ಪ ವೈರ್ ಹಾಕಿ. ಬ್ಯಾಟರಿಯ ಪ್ಲಸ್ ಬುಡದಲ್ಲೇ ಒಂದು ಫ್ಯೂಸ್ ಇರಲೇಬೇಕು. ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಿ ಆಮೇಲೆ ಪ್ಯಾನೆಲ್, ಬಿಚ್ಚುವಾಗ ಮೊದಲು ಪ್ಯಾನೆಲ್. ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದ್ರೆ ಲೈನ್ ಕರೆಂಟಿನ ಥರಾನೇ ಕೊಡೋವಂಥದ್ದೇ ತಗೊಳ್ಳಿ, ಔಷಧಿ ಮಿಷನ್ನಿನ ಮೋಟರಿಗೆ ಅದೇ ಸರಿ.

ಹೋದ ವರ್ಷ ಪುಷ್ಯ ಮಳೇಲಿ ನಾಲ್ಕು ದಿನ ಕರೆಂಟ್ ಇರ್ಲಿಲ್ಲ. ನಾಲ್ಕನೇ ರಾತ್ರಿ ಮೀಟರ್ 12.3 ತೋರಿಸ್ತಿತ್ತು, ಜಗಲಿ ಬಲ್ಬ್ ಒಂದು ಆರಿಸಿದ್ವಿ ಅಷ್ಟೇ. ಅತ್ತೆ ಅವರ ಮಂಚದ ಮೇಲೇ ಕೂತು ಮಾಸ್ಕ್ ಹಾಕ್ಕೊಂಡ್ರು. ಈ ಭಾನುವಾರ ನಾವು ಬೆಳಿಗ್ಗೇನೇ ಮೈನ್ ಸ್ವಿಚ್ ಆಫ್ ಮಾಡಿ ಒಂದು ಇಡೀ ದಿನ ಸೋಲಾರಲ್ಲೇ ಇದ್ದು ನೋಡ್ತೀವಿ, ಮಳೆ ಹಿಡಿಯೋಕೆ ಮುಂಚೆ ಪ್ರತಿ ವರ್ಷ ಮಾಡ್ತೀವಿ. ನಿಮ್ಮನೇಲಿ ಇದ್ರೆ ನೀವೂ ಮಾಡಿ. ನಮಸ್ಕಾರ.