ಪಟ್ಟ ಬಿಟ್ಟ ಡಯೊಕ್ಲೀಷಿಯನ್

ಎಲ್ಲರಿಗೂ ನಮಸ್ಕಾರ.

ಡಯೊಕ್ಲೀಷಿಯನ್ ಹೆಸರು ಕೇಳಿದವರಿಗೆ ಅವನ ತರಕಾರಿ ತೋಟದ ಕಥೆಯೂ ಗೊತ್ತಿರುತ್ತದೆ. 20 ವರ್ಷ ರೋಮ್ ಸಾಮ್ರಾಜ್ಯ ಆಳಿದ, ತಾನಾಗಿಯೇ ಪಟ್ಟ ಬಿಟ್ಟ, ಊರಿಗೆ ಹೋಗಿ ತರಕಾರಿ ಬೆಳೆದ. ಚೆಂದದ ಕಥೆ. ಆದರೆ ಹೇಳುವವರೆಲ್ಲ ತೋಟದ ಬಾಗಿಲಿಗೆ ಬಂದು ನಿಲ್ಲಿಸಿಬಿಡುತ್ತಾರೆ. ನನ್ನನ್ನು ಕಾಡಿದ್ದು ಅದರ ಮುಂದಿನ ಭಾಗ. ಇವತ್ತು ಅಲ್ಲಿವರೆಗೂ ಹೋಗೋಣ.

ಅವನ ಮೊದಲ ಹೆಸರು ಡಯೊಕ್ಲೀಸ್. ಊರು ಡಾಲ್ಮೇಷಿಯಾದ ಸಲೋನಾ ಸುತ್ತಮುತ್ತ, ಅಂದರೆ ಈಗಿನ ಕ್ರೊಯೇಷಿಯಾದ ಕರಾವಳಿ. ಹೇಳಿಕೊಳ್ಳುವಂಥ ಮನೆತನವಲ್ಲ. ಗುಮಾಸ್ತನ ಮಗ ಅಂತ ಕೆಲವರು ಬರೆದಿದ್ದಾರೆ, ಸೆನೆಟರ್ ಒಬ್ಬನ ಮನೆಯ ಗುಲಾಮಗಿರಿಯಿಂದ ಬಿಡುಗಡೆ ಆದವನು ಅಂತ ಇನ್ನು ಕೆಲವರು. ಸೈನ್ಯಕ್ಕೆ ಸೇರಿ ಮೇಲೆ ಬಂದ. ಆಗ ಕಾಲ ಬಹಳ ಕೆಟ್ಟಿತ್ತು. ಕ್ರಿ.ಶ. 235ರಿಂದ 284ರವರೆಗಿನ 50 ವರ್ಷಗಳಲ್ಲಿ 20ಕ್ಕೂ ಹೆಚ್ಚು ಚಕ್ರವರ್ತಿಗಳು ಬಂದು ಹೋದರು. ಹಾಸಿಗೆಯಲ್ಲಿ ಸತ್ತವರು ಬಹಳ ಕಡಿಮೆ. ಸೈನಿಕರೇ ಪಟ್ಟ ಕಟ್ಟುತ್ತಿದ್ದರು, ಸೈನಿಕರೇ ಕೊಲ್ಲುತ್ತಿದ್ದರು.

ಇವನು ಪಟ್ಟಕ್ಕೆ ಬಂದಿದ್ದೂ ಹಾಗೇ. 284ರ ನವೆಂಬರ್. ಪರ್ಷಿಯಾಕ್ಕೆ ಯುದ್ಧಕ್ಕೆ ಹೋಗಿದ್ದ ಸೈನ್ಯ ವಾಪಸ್ ಬರುತ್ತಿದೆ. ಯುವ ಚಕ್ರವರ್ತಿ ನ್ಯೂಮೇರಿಯನ್ ಮುಚ್ಚಿದ ಪಲ್ಲಕ್ಕಿಯೊಳಗಿದ್ದಾನೆ. ಕಣ್ಣುಬೇನೆ, ಬಿಸಿಲು ತಾಗಬಾರದು ಅಂತ ಅವನ ಮಾವ ಏಪರ್ ಹೇಳಿಕೊಂಡು ಬಂದಿದ್ದಾನೆ. ದಿನ ಕಳೆದ ಹಾಗೆ ಪಲ್ಲಕ್ಕಿಯಿಂದ ವಾಸನೆ ಬರತೊಡಗಿತು. ಪರದೆ ಸರಿಸಿ ನೋಡಿದರೆ ಒಳಗಿದ್ದದ್ದು ಹೆಣ. ಈಗಿನ ಟರ್ಕಿಯಲ್ಲಿರುವ ನಿಕೊಮೀಡಿಯಾ ಅನ್ನುವ ಊರಿನ ಹತ್ತಿರ ಸೈನ್ಯವೆಲ್ಲ ಒಂದೆಡೆ ಸೇರಿ, ಅಂಗರಕ್ಷಕ ಪಡೆಯ ನಾಯಕನಾಗಿದ್ದ ಡಯೊಕ್ಲೀಸನನ್ನೇ ಚಕ್ರವರ್ತಿ ಅಂತ ಕೂಗಿತು. ಅವನು ಕತ್ತಿ ಹಿರಿದು, ಈ ಸಾವಿನಲ್ಲಿ ತನ್ನ ಕೈಯಿಲ್ಲ ಅಂತ ಆಣೆ ಮಾಡಿದ. ಪಕ್ಕದಲ್ಲೇ ನಿಂತಿದ್ದ ಏಪರನನ್ನು ಅದೇ ಕತ್ತಿಯಿಂದ ಎಲ್ಲರೆದುರು ಇರಿದು ಕೊಂದ. ವಿಚಾರಣೆ ನಡೆಯಲಿಲ್ಲ. ಏಪರ್ ಬಾಯಿ ಬಿಟ್ಟಿದ್ದರೆ ಯಾರ ಹೆಸರು ಬರುತ್ತಿತ್ತೋ ಅನ್ನುವ ಅನುಮಾನ ನನಗಂತೂ ಹೋಗಿಲ್ಲ.

ಆಡಳಿತದಲ್ಲಿ ಮಾತ್ರ ಅವನದು ಬೇರೆಯೇ ತಲೆ. ಇಷ್ಟು ದೊಡ್ಡ ರಾಜ್ಯ ಒಬ್ಬನ ಕೈಲಿ ಆಗುವ ಕೆಲಸವಲ್ಲ ಅಂತ ಒಪ್ಪಿಕೊಂಡ. ಹಳೇ ಗೆಳೆಯ ಮ್ಯಾಕ್ಸಿಮಿಯನ್‌ನನ್ನು ಜೊತೆ ಚಕ್ರವರ್ತಿ ಮಾಡಿಕೊಂಡು ಪಶ್ಚಿಮ ಭಾಗ ಕೊಟ್ಟ. 293ರಲ್ಲಿ ಇಬ್ಬರ ಕೈಕೆಳಗೂ ಒಬ್ಬೊಬ್ಬ ಕಿರಿಯ ದೊರೆ ಬಂದ: ಗೆಲೇರಿಯಸ್ ಮತ್ತು ಕಾನ್‌ಸ್ಟಾಂಟಿಯಸ್. ತನ್ನ ಒಬ್ಬಳೇ ಮಗಳು ವಲೇರಿಯಾಳನ್ನು ಗೆಲೇರಿಯಸ್‌ಗೆ ಮದುವೆ ಮಾಡಿಕೊಟ್ಟ. ಈ ಹುಡುಗಿಯ ಹೆಸರು ನೆನಪಿಟ್ಟುಕೊಳ್ಳಿ.

ಅವನಿಗೆ ಎಲ್ಲವೂ ಲೆಕ್ಕಕ್ಕೆ ಸಿಗಬೇಕಿತ್ತು. ಸುಮಾರು 50 ಇದ್ದ ಪ್ರಾಂತ್ಯಗಳನ್ನು ಒಡೆದು 100ರ ಹತ್ತಿರ ಮಾಡಿದ. ಕೊನೆಗೆ ಸಂತೆಯ ದರಕ್ಕೂ ಕೈ ಹಾಕಿದ. ನಾಣ್ಯದಲ್ಲಿ ಬೆಳ್ಳಿ ಅನ್ನುವುದು ಹೆಸರಿಗಷ್ಟೇ ಉಳಿದ ಕಾಲ ಅದು. ನಮ್ಮ ಯಶವಂತಪುರದಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಅವು ಒಳ್ಳೇ ಬೆಳ್ಳಿ. ಡಯೊಕ್ಲೀಷಿಯನ್ ಬರುವ ಹೊತ್ತಿಗೆ ತಾಮ್ರದ ಬಿಲ್ಲೆಗೆ ಬೆಳ್ಳಿ ಬಳಿದು ಚಲಾವಣೆಗೆ ಬಿಡುತ್ತಿದ್ದರು. ಬೆಲೆ ಏರದೆ ಇರುತ್ತದಾ?

ಹಾಗಾಗಿ 301ರಲ್ಲಿ ಒಂದು ಶಾಸನ ಹೊರಡಿಸಿದ. ಸಾವಿರಕ್ಕೂ ಹೆಚ್ಚು ಬಾಬತ್ತುಗಳು, ಒಂದೊಂದಕ್ಕೂ ಇಷ್ಟಕ್ಕಿಂತ ಜಾಸ್ತಿ ಕೇಳಬಾರದು ಅಂತ ಮಿತಿ. ಮೀರಿದರೆ ಮರಣದಂಡನೆ. ಕಲ್ಲಿನಲ್ಲಿ ಕೆತ್ತಿಸಿದ್ದರ ಚೂರುಗಳು ಟರ್ಕಿ, ಗ್ರೀಸ್‌ನಲ್ಲಿ ಸಿಕ್ಕಿವೆ. ಆ ಪಟ್ಟಿ ಓದುತ್ತಾ ಕೂತರೆ ಒಂದು ಬೀದಿಯೇ ಕಣ್ಣೆದುರು ಬರುತ್ತದೆ. ಹೊಲದ ಆಳಿಗೆ ಊಟ ಹಾಕಿ ದಿನಕ್ಕೆ 25 ಡಿನೇರಿಯಸ್ (ರೋಮನ್ ಹಣ). ಚರಂಡಿ ತೊಳೆಯುವವನಿಗೂ ಅಷ್ಟೇ. ಕ್ಷೌರಿಕನಿಗೆ ತಲೆಗೆ 2. ಓದು ಬರಹ ಕಲಿಸುವ ಮೇಷ್ಟ್ರಿಗೆ ಒಂದು ಮಗುವಿಗೆ ತಿಂಗಳಿಗೆ 50. ವಕೀಲ ಒಂದು ಮೊಕದ್ದಮೆ ವಾದಿಸಿದರೆ 1,000. ಹಂದಿಮಾಂಸ ಒಂದು ಪೌಂಡಿಗೆ 12, ದನದ ಮಾಂಸ 8. ನೇರಳೆ ಬಣ್ಣ ಕಟ್ಟಿದ ರೇಷ್ಮೆ ಒಂದು ಪೌಂಡಿಗೆ 1,50,000. ಹೊಲದ ಆಳು ಒಂದು ದಿನವೂ ಬಿಡದೆ 16 ವರ್ಷ ದುಡಿದರೂ ಆ ಒಂದು ಪೌಂಡ್ ರೇಷ್ಮೆ ಸಿಗುವುದಿಲ್ಲ.

ಆಗಿದ್ದೇನು? ಸಾಮಾನುಗಳೆಲ್ಲ ಅಂಗಡಿಯಿಂದ ಮಾಯವಾದವು. ಚಿಲ್ಲರೆ ವಸ್ತುಗಳಿಗಾಗಿ ರಕ್ತ ಹರಿಯಿತು ಅಂತ ಲ್ಯಾಕ್ಟಾಂಟಿಯಸ್ ಬರೆಯುತ್ತಾನೆ. ಅವನು ನಿಕೊಮೀಡಿಯಾದಲ್ಲೇ ಮೇಷ್ಟ್ರಾಗಿದ್ದವನು, ಕ್ರೈಸ್ತ. ಡಯೊಕ್ಲೀಷಿಯನ್ ಅಂದರೆ ಅವನಿಗೆ ಆಗದು. ಆಗದಿರಲು ಕಾರಣವೂ ಇತ್ತು. 303ರ ಫೆಬ್ರವರಿ 23ರಂದು ನಿಕೊಮೀಡಿಯಾದ ಅರಮನೆಗೆ ಕಾಣುವಂತಿದ್ದ ಚರ್ಚನ್ನು ಕೆಡವಿಸಿದರು, ಧರ್ಮಗ್ರಂಥಗಳನ್ನು ಸುಟ್ಟರು. ಆಮೇಲೆ ಸೆರೆಮನೆ, ಚಿತ್ರಹಿಂಸೆ, ಕೊಲೆ. ಅಳಿಯ ಗೆಲೇರಿಯಸ್ ಒತ್ತಾಯ ಮಾಡಿದ ಅನ್ನುತ್ತಾರೆ. ಆದರೆ ಆಜ್ಞೆ ಹೊರಟಿದ್ದು ಇವನ ಹೆಸರಿನಲ್ಲಿ. ಇದಕ್ಕೆ ಕ್ಷಮೆ ಹುಡುಕುವವರ ಜೊತೆ ನಾನಿಲ್ಲ. ಈಜಿಪ್ಟಿನ ಕ್ರೈಸ್ತರು ಇಂದಿಗೂ ಅವನು ಪಟ್ಟಕ್ಕೆ ಬಂದ 284ರಿಂದಲೇ ವರ್ಷ ಎಣಿಸುತ್ತಾರೆ, ಅದನ್ನು ಹುತಾತ್ಮರ ಶಕೆ ಅನ್ನುತ್ತಾರೆ.

ಮರು ವರ್ಷ ಅವನು ಹಾಸಿಗೆ ಹಿಡಿದ. ಸತ್ತೇ ಹೋದ ಅಂತ ಊರೆಲ್ಲ ಸುದ್ದಿ. 305ರ ಮಾರ್ಚ್‌ನಲ್ಲಿ ಹೊರಗೆ ಬಂದಾಗ ಗುರುತು ಸಿಗದಷ್ಟು ಇಳಿದುಹೋಗಿದ್ದ. ಅದೇ ವರ್ಷ ಮೇ 1ರಂದು ನಿಕೊಮೀಡಿಯಾದಿಂದ ಮೂರು ಮೈಲಿ ಆಚೆಯ ದಿಬ್ಬದ ಮೇಲೆ ಸೈನಿಕರನ್ನು ಸೇರಿಸಿದ. ನನ್ನ ಕೈಲಿ ಇನ್ನು ಆಗುವುದಿಲ್ಲ, ವಿಶ್ರಾಂತಿ ಬೇಕು ಅಂತ ಕಣ್ಣೀರು ಹಾಕಿಕೊಂಡು ಹೇಳಿದ. ತನ್ನ ಹೆಗಲ ಮೇಲಿದ್ದ ನೇರಳೆ ನಿಲುವಂಗಿ ತೆಗೆದು, ಗೆಲೇರಿಯಸ್ ಮುಂದೆ ತಂದು ನಿಲ್ಲಿಸಿದ ಡಾಯಾ ಅನ್ನುವ ಯುವಕನ ಮೇಲೆ ಹೊದಿಸಿ, ಅವನನ್ನು ಹೊಸ ಕಿರಿಯ ದೊರೆ ಮಾಡಿದ. ಆ ಘಳಿಗೆಗೆ ಮತ್ತೆ ಬರಿಯ ಡಯೊಕ್ಲೀಸ್ ಆದ. ಗಾಡಿ ಹತ್ತಿ ಊರಿಗೆ ಹೊರಟ.

ಸಲೋನಾ ಪಕ್ಕದಲ್ಲಿ, ಈಗಿನ ಸ್ಪ್ಲಿಟ್‌ನಲ್ಲಿ, ಸಮುದ್ರದ ದಂಡೆಗೆ ಕೋಟೆಯಂಥ ಅರಮನೆ ಕಟ್ಟಿಸಿಕೊಂಡಿದ್ದ. ಈ ಕಡೆ ಅವನು ಕಟ್ಟಿದ ವ್ಯವಸ್ಥೆ ಕುಸಿಯುತ್ತಾ ಬಂತು. ಮತ್ತೆ ಬಂದು ಅಧಿಕಾರ ಹಿಡಿ ಅಂತ ಕೇಳಿಕೊಂಡರು. ಅದಕ್ಕೆ ಅವನ ಉತ್ತರ, 'ಸಲೋನಾದಲ್ಲಿ ನನ್ನ ಕೈಯಾರೆ ನೆಟ್ಟ ತರಕಾರಿ ನೋಡಿದ್ದರೆ ನೀವು ಈ ಮಾತು ಎತ್ತುತ್ತಿರಲಿಲ್ಲ' ಅಂತ. ಲ್ಯಾಟಿನ್ ಮೂಲದಲ್ಲಿ ಇರುವುದು ಸುಮ್ನೆ ಸೊಪ್ಪು ತರಕಾರಿ ಅಂತ. ಅದನ್ನು ಎಲೆಕೋಸು ಮಾಡಿದ್ದು ಆಮೇಲಿನವರು.

ಈಗ ವಲೇರಿಯಾ. 311ರಲ್ಲಿ ಗಂಡ ಗೆಲೇರಿಯಸ್ ಸತ್ತ. ಆಕೆ ಡಾಯಾನ ಆಶ್ರಯಕ್ಕೆ ಹೋದಳು. ದಿಬ್ಬದ ಮೇಲೆ ಅಪ್ಪನ ನಿಲುವಂಗಿ ಹೊದ್ದ ಅದೇ ಡಾಯಾ. ನನ್ನನ್ನು ಮದುವೆಯಾಗು ಅಂದ. ಗಂಡನ ಚಿತೆ ಇನ್ನೂ ಆರಿಲ್ಲ, ಆಗುವುದಿಲ್ಲ ಅಂದಳು ಆಕೆ. ಆಸ್ತಿ ಕಿತ್ತುಕೊಂಡು, ತಾಯಿ ಪ್ರಿಸ್ಕಾ ಸಮೇತ ಸಿರಿಯಾದ ಮರುಭೂಮಿಯ ಕಡೆ ಗಡೀಪಾರು ಮಾಡಿದ. ಅಪ್ಪನಿಗೆ ಹೇಗೋ ಸುದ್ದಿ ಮುಟ್ಟಿತು. ಮಗಳನ್ನು ನನ್ನ ಹತ್ತಿರ ಕಳಿಸಿಕೊಡು ಅಂತ ಹೇಳಿ ಕಳಿಸಿದ. ಮತ್ತೆ ಮತ್ತೆ ಕಳಿಸಿದ. ಸೈನ್ಯದಲ್ಲಿದ್ದ ನೆಂಟನೊಬ್ಬನನ್ನು ಅಟ್ಟಿ, ಹಿಂದೆ ಮಾಡಿದ ಉಪಕಾರ ನೆನಪಿಸಿದ. ಡಾಯಾ ಕೇಳಲೇ ಇಲ್ಲ. ಇದನ್ನು ಬರೆದಿಟ್ಟವನು ಅದೇ ಲ್ಯಾಕ್ಟಾಂಟಿಯಸ್. ಅವನಿಗೇ ಇಲ್ಲಿ ಕರುಳು ಚುರುಕ್ ಅಂದಿದೆ.

ಡಯೊಕ್ಲೀಷಿಯನ್ ಕೊರಗಿನಲ್ಲೇ ಸತ್ತ. ಡಾಯಾನನ್ನು ಸೋಲಿಸಿ ಬಂದ ಇನ್ನೊಬ್ಬ ಚಕ್ರವರ್ತಿ ಲಿಸಿನಿಯಸ್ ಕೂಡ ಆ ಹೆಣ್ಣುಮಕ್ಕಳನ್ನು ಬಿಡಲಿಲ್ಲ. ವಲೇರಿಯಾ 15 ತಿಂಗಳು ಬಡವರ ಬಟ್ಟೆ ಉಟ್ಟು ಊರೂರು ಅಲೆದಳು. ಕೊನೆಗೆ ಥೆಸಲೊನೀಕಿಯಲ್ಲಿ ಯಾರೋ ಗುರುತು ಹಿಡಿದರು. ಜನರೆಲ್ಲ ನೋಡುತ್ತಿದ್ದಂತೆ ತಾಯಿ ಮಗಳಿಬ್ಬರ ತಲೆ ಕಡಿದು ದೇಹಗಳನ್ನು ಸಮುದ್ರಕ್ಕೆ ಎಸೆದರು.

ಸ್ಪ್ಲಿಟ್‌ನ ಅರಮನೆಯೊಳಗೆ ಈಗಲೂ ಜನ ಮನೆ ಮಾಡಿಕೊಂಡಿದ್ದಾರೆ. ಡಯೊಕ್ಲೀಷಿಯನ್‌ನ ಎಂಟು ಮೂಲೆಯ ಸಮಾಧಿ ಈಗ ಚರ್ಚು. ಅದು ಸಂತ ಡೊಮ್ನಿಯಸ್ ಹೆಸರಿನದು. ಈ ಡೊಮ್ನಿಯಸ್ ಸಲೋನಾದ ಬಿಷಪ್, ಇದೇ ಚಕ್ರವರ್ತಿಯ ಕಾಲದಲ್ಲಿ ಕೊಲೆಯಾದವನು. ಸಮಾಧಿಯಲ್ಲಿ ಚಕ್ರವರ್ತಿಯ ದೇಹ ಇಲ್ಲ. ತಲೆಯೆತ್ತಿ ನೋಡಿದರೆ ಒಳಗೋಡೆಯ ಮೇಲಿನ ಕೆತ್ತನೆಯ ಪಟ್ಟಿಯಲ್ಲಿ ಎರಡು ಮುಖಗಳಿವೆ, ಒಂದು ಗಂಡಸಿನದು, ಒಂದು ಹೆಂಗಸಿನದು. ಅವು ಡಯೊಕ್ಲೀಷಿಯನ್ ಮತ್ತು ಪ್ರಿಸ್ಕಾ ಅಂತ ಬಹಳ ಜನ ನಂಬುತ್ತಾರೆ. ಮಗಳ ಮುಖ ಅಲ್ಲಿಲ್ಲ.