ಅಮ್ಮನ ಗೆಳತಿಯ ಮಗ: ಕೊರಿಯಾದಲ್ಲಿ ಓದು ಅಂದರೆ ಏನು?

[ತೆರೆಯ ಮೇಲೆ: ಖಾಲಿ ಕ್ಲಾಸ್‌ರೂಮ್, ಮೊದಲ ಬೆಂಚು]

ನಮಸ್ಕಾರ. ಸದಾ ಪುಸ್ತಕ ಹಿಡಿದು ಕೂರುವ ಹುಡುಗನಿಗೆ ನಮ್ಮ ಕಾಲೇಜುಗಳಲ್ಲಿ ಏನಂತಾರೆ? ಕುಡುಮಿ. ಅಮೆರಿಕದಲ್ಲಿ ನರ್ಡ್. ಎರಡರಲ್ಲೂ ಸ್ವಲ್ಪ ಚುಚ್ಚು ಇದೆ, ಅಲ್ವಾ? ಕೊರಿಯನ್ನರೂ ‘ಓದುವ ಹುಳು’ ಅಂತ ಕರೆಯುವುದುಂಟು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಇನ್ನೊಂದು ಪದ: ಓಮ್‌ಚಿನಾ. ಅಂದರೆ ‘ಅಮ್ಮನ ಗೆಳತಿಯ ಮಗ’. ಓದಿನಲ್ಲಿ ಮುಂದು, ನೋಡಲು ಚೆಂದ, ನಡತೆಯೂ ಒಳ್ಳೆಯದು. ‘ಅವನನ್ನು ನೋಡಿ ಕಲಿ’ ಅಂತ ಅಮ್ಮಂದಿರು ತೋರಿಸುವ ಹುಡುಗ. ಅಮೆರಿಕದ ಹೈಸ್ಕೂಲ್ ಕಥೆಗಳಲ್ಲಿ ಚೆನ್ನಾಗಿ ಓದುವವನು ಒಬ್ಬ, ಎಲ್ಲರ ಮೆಚ್ಚಿನವನು ಇನ್ನೊಬ್ಬ. ಇಲ್ಲಿ ಇಬ್ಬರೂ ಒಬ್ಬನೇ.

ಅಮೆರಿಕದಲ್ಲಿ ಓದುವುದು ಒಬ್ಬೊಬ್ಬರ ಸ್ವಭಾವ. ಒಬ್ಬ ಓದುತ್ತಾನೆ, ಇನ್ನೊಬ್ಬ ಫುಟ್‌ಬಾಲ್ ಆಡುತ್ತಾನೆ. ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆ ವರ್ಷಕ್ಕೆ ಹಲವು ಸಲ ನಡೆಯುತ್ತದೆ. ಕಾಲೇಜು ಸೀಟಿಗೆ ಅಂಕದ ಜೊತೆ ಪ್ರಬಂಧ, ಆಟ, ಸಮಾಜಸೇವೆ ಎಲ್ಲವನ್ನೂ ನೋಡುತ್ತಾರೆ.

ಕೊರಿಯಾದಲ್ಲಿ ಓದು ಸ್ವಭಾವವಲ್ಲ, ಆ ವಯಸ್ಸಿನ ಕೆಲಸ. ಹೈಸ್ಕೂಲಿನ ಕೊನೆಯ ವರ್ಷದವರಿಗೆ ‘ಗೋಸಾಮ್’ ಅಂತ ಬೇರೆ ಹೆಸರೇ ಇದೆ. ಮನೆಯಲ್ಲಿ ಗೋಸಾಮ್ ಇದ್ದರೆ ಟಿವಿ ಸದ್ದೂ ಕಮ್ಮಿ.

[ತೆರೆಯ ಮೇಲೆ: ರಾತ್ರಿ, ಸಾಲುಗಟ್ಟಿದ ಕಾರುಗಳು]

ಸಿಯೋಲ್‌ನ ಗಂಗ್ನಮ್‌ನಲ್ಲಿ ದೇಚಿ-ದೋಂಗ್ ಅಂತ ಒಂದು ಬಡಾವಣೆ. ಬೀದಿ ತುಂಬ ಹಾಗ್‌ವೊನ್, ಅಂದರೆ ಟ್ಯೂಷನ್ ಸೆಂಟರ್. ರಾತ್ರಿ 10ಕ್ಕೆ ಅವು ಮುಚ್ಚಲೇಬೇಕು ಅಂತ ಸಿಯೋಲ್‌ನಲ್ಲಿ ನಿಯಮವೇ ಇದೆ. 10 ಹೊಡೆಯುತ್ತಿದ್ದಂತೆ ಮಕ್ಕಳು ಬ್ಯಾಗ್ ಹೊತ್ತು ಒಟ್ಟಿಗೆ ಇಳಿದು ಬರುತ್ತಾರೆ. ರಸ್ತೆಯಲ್ಲಿ ಅಪ್ಪ ಅಮ್ಮಂದಿರ ಕಾರುಗಳು.

ಅದೇ ಹುಡುಗ ಮರುದಿನ ಕ್ಲಾಸಿನಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಬಹುದು. ಅಮೆರಿಕದ ಮೇಷ್ಟ್ರ ಕಣ್ಣಿಗೆ ಅವನು ಸೋಮಾರಿ. ನಿಜಕ್ಕೂ ಅವನು ರಾತ್ರಿಯೆಲ್ಲ ಓದಿ ದಣಿದಿದ್ದಾನೆ. ‘ನಾಲ್ಕು ಗಂಟೆ ಮಲಗಿದರೆ ಪಾಸು, ಐದು ಗಂಟೆ ಮಲಗಿದರೆ ಫೇಲು’ ಅಂತ ಅಲ್ಲೊಂದು ಹಳೆಯ ಮಾತಿದೆ. ಅದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಬೆಳೆಯುವ ಮಕ್ಕಳಿಗೆ ಹೇಳುವ ಮಾತಲ್ಲ ಅದು.

ಇಷ್ಟೆಲ್ಲ ಯಾತಕ್ಕೆ? ಸುನುಂಗ್ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಗೆ. ವರ್ಷಕ್ಕೆ ಒಂದೇ ಸಲ, ನವೆಂಬರ್‌ನ ಒಂದು ಗುರುವಾರ. ಆ ದಿನ ಷೇರುಪೇಟೆ ಒಂದು ಗಂಟೆ ತಡವಾಗಿ ತೆರೆಯುತ್ತದೆ. ತಡವಾದ ಮಕ್ಕಳನ್ನು ಪೊಲೀಸರೇ ಬೈಕಿನಲ್ಲಿ ಕರೆದೊಯ್ಯುತ್ತಾರೆ. ಮಧ್ಯಾಹ್ನ ಇಂಗ್ಲಿಷ್ ಕೇಳಿ ಬರೆಯುವ ಭಾಗ ಬಂದಾಗ ಸುಮಾರು 35 ನಿಮಿಷ ದೇಶದಲ್ಲಿ ವಿಮಾನ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮಕ್ಕಳಿಗೆ ಸದ್ದು ಅಡ್ಡ ಬರಬಾರದು ಅಂತ.

ಪರೀಕ್ಷೆಗೆ ಮುಂಚೆ ಮಕ್ಕಳಿಗೆ ‘ಯೋತ್’ ಅನ್ನುವ ಅಂಟು ಮಿಠಾಯಿ ಕೊಡುತ್ತಾರೆ. ಅಂಟಿದ ಹಾಗೆ ಸೀಟು ಸಿಗಲಿ ಅಂತ. ಕಡಲಪಾಚಿಯ ಸೂಪ್ ಮಾತ್ರ ಬೇಡ, ಅದು ಜಾರುತ್ತದೆ.

[ತೆರೆಯ ಮೇಲೆ: ಶಾಲೆಯ ಗೇಟು, ಸಂಜೆ]

ಬೆಳಿಗ್ಗೆ 8:40ಕ್ಕೆ ಶುರುವಾದ ಪರೀಕ್ಷೆ ಮುಗಿಯುವಾಗ ಸಂಜೆಯಾಗಿರುತ್ತದೆ. ಗೇಟಿನ ಹೊರಗೆ ಚಳಿಯಲ್ಲಿ ಅಮ್ಮಂದಿರು ನಿಂತಿರುತ್ತಾರೆ. ಮಗಳು ಬಂದ ಕೂಡಲೇ ‘ಹೇಗೆ ಬರೆದೆ’ ಅಂತ ಕೇಳದೆ, ಸುಮ್ನೆ ತಬ್ಬಿಕೊಳ್ಳುವವರೂ ಇದ್ದಾರೆ.