ಹುಲ್ಲುಗಾವಲಿಗೆ ಸಸಿ ಬೇಡ

ಅಧ್ಯಕ್ಷರೇ, ಬಂಧುಗಳೇ, ಮಕ್ಕಳೇ,

ಈ ಸಭೆ ಮುಗಿದ ಮೇಲೆ ಊರಾಚೆಯ ಹುಲ್ಲುಗಾವಲಿನಲ್ಲಿ ಸಸಿ ನೆಡುವ ಕಾರ್ಯಕ್ರಮವಿದೆ ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿದೆ. ವನಮಹೋತ್ಸವದ ದಿನವೇ ಸಸಿ ನೆಡಬೇಡಿ ಎನ್ನುವವನನ್ನು ಅತಿಥಿಯಾಗಿ ಕರೆದುಬಿಟ್ಟಿದ್ದೀರಿ. ಶಾಲು ಹೊದಿಸಿಯಾಗಿದೆ, ಇನ್ನು ವಾಪಸು ಕೇಳುವಂತಿಲ್ಲ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಧಾಮ. ಅದರ ಬಹುಭಾಗದಲ್ಲಿ ನಿಂತಿರುವುದು ನೀಲಗಿರಿ. ಬಯಲನ್ನೇ ನಂಬಿ ಓಡುವ ಪ್ರಾಣಿಗೆ ನೀಲಗಿರಿ ತೋಪು! ಕೃಷ್ಣಮೃಗ ಹೇಗೋ ಸುತ್ತಲ ಹೊಲಗಳಿಗೆ ನುಗ್ಗಿ, ಪೈರಿನ ಜೊತೆಗೆ ರೈತರ ಬೈಗುಳವನ್ನೂ ತಿಂದು ಬದುಕಿಕೊಂಡಿತು. ಅಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತಕ್ಕೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ, ಅದು ಸಾಧ್ಯವಾಗಲಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿ ಅದು. ಈಗ ನಮ್ಮ ರಾಜ್ಯದಲ್ಲಿ ಅದನ್ನು ಹುಡುಕುವವರು ಸಿರುಗುಪ್ಪದ ಕಡೆ ಹೋಗಬೇಕು, ಅಲ್ಲಿಯೂ ಬೆರಳೆಣಿಕೆ.

ಒಮ್ಮೆ ಕೊಪ್ಪಳದ ಕಡೆ ತೋಳ ನೋಡಲು ಹೋಗಿದ್ದೆವು. ದುರ್ಬೀನು, ಕ್ಯಾಮೆರಾ, ಬಿಸ್ಕತ್ತು ಎಲ್ಲವೂ ಇದ್ದವು, ತೋಳ ಮಾತ್ರ ಇರಲಿಲ್ಲ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಜೀಪು ಗುರುಗುಟ್ಟುತ್ತಿದ್ದರೆ ಅದು ಯಾಕೆ ಬರುತ್ತದೆ? ಇಳಿದು ಕೂತುಕೊಳ್ಳಿ" ಎಂದರು. ಕೂತೆವು. ಮಳೆ ಕೈಕೊಟ್ಟದ್ದು, ಮಗಳ ಮದುವೆ, ಉಣ್ಣೆಯನ್ನು ಈಗ ಯಾರೂ ಕೇಳದಿರುವುದು, ಎಲ್ಲವನ್ನೂ ಹೇಳಿದರು. ಮಾತಿನ ನಡುವೆ ಕುರಿಗಳೆಲ್ಲ ಮುಖವೆತ್ತಿ ಒಂದೇ ಕಡೆ ನೋಡಿದವು. "ಅಗೋ" ಎಂದರು. ಒಣಹುಲ್ಲಿನದೇ ಬಣ್ಣ, ಎದ್ದು ನಡೆದಾಗಲಷ್ಟೇ ನಮ್ಮ ಕಣ್ಣಿಗೆ ಬಿತ್ತು. ಮರಿಗಳನ್ನು ಒಯ್ಯುವುದಿಲ್ಲವೇ ಎಂದು ಕೇಳಿದೆ. "ವರ್ಷಕ್ಕೆ ಒಂದೆರಡು ಹೋಗುತ್ತವೆ, ಅದರ ಪಾಲು" ಎಂದರು. ಪರಿಹಾರಕ್ಕೆ ಅರ್ಜಿ ಹಾಕಿ ಎಂದು ಉಪದೇಶಿಸಿದೆ. ನಕ್ಕುಬಿಟ್ಟರು. ಅರ್ಜಿ ಹಿಡಿದು ಅಲೆಯುವಷ್ಟರಲ್ಲಿ ಇನ್ನೆರಡು ಹೋಗುತ್ತವಂತೆ.

ಆ ಬಯಲಿಗೆ ಕಂದಕ ತೋಡಿ, ಬೇಲಿ ಹಾಕಿ, ಸಸಿ ನೆಟ್ಟರೆ ತೋಳಕ್ಕೂ ಜಾಗವಿಲ್ಲ, ಅವರ ಕುರಿಗಳಿಗೂ ಇಲ್ಲ. ಮರದಂತೆ ಹುಲ್ಲೂ ಗಾಳಿಯ ಇಂಗಾಲವನ್ನು ಹಿಡಿದಿಡುತ್ತದೆ, ಹೆಚ್ಚಿನದನ್ನು ಬೇರು ಮತ್ತು ಮಣ್ಣಿನಲ್ಲಿ. ನೆಲದೊಳಗಿನ ಕೆಲಸ, ಪತ್ರಿಕೆಯ ಫೋಟೊದಲ್ಲಿ ಕಾಣುವುದಿಲ್ಲ, ಅಷ್ಟೇ. ನನಗೆ ಮರದ ಮೇಲೆ ದ್ವೇಷವಿಲ್ಲ. ತಂದಿರುವ ಹೊಂಗೆ, ಹುಣಸೆಯನ್ನು ರಸ್ತೆ ಬದಿಗೆ ನೆಡಿ, ಶಾಲೆಯ ಅಂಗಳಕ್ಕೆ ನೆಡಿ. ನಾನೇ ಗುಂಡಿ ತೋಡಲು ಬರುತ್ತೇನೆ. ಹುಲ್ಲುಗಾವಲಿಗೆ ಬೇಡ.

ಅಧ್ಯಕ್ಷರಿಂದ ಚೀಟಿ ಬಂದಿದೆ. ಬಯಲಿನ ಜೀವಿಗಳಿಗಿರುವ ಬೇರೆ ಕಂಟಕಗಳನ್ನು ವಿದ್ಯುತ್ ತಂತಿ, ಬೀದಿನಾಯಿ, ಗಾಳಿಯಂತ್ರ ಎಂದು ಗುರುತು ಹಾಕಿಕೊಂಡಿದ್ದೆ, ಎಲ್ಲವನ್ನೂ ಬಿಡುತ್ತೇನೆ. ಮಕ್ಕಳಿಗೆ ಮಾತ್ರ ಎರಡು ಮಾತು. ಬಯಲಿನಲ್ಲಿ ದಾರಿ ಬಿಟ್ಟು ಬೈಕು ಓಡಿಸಬೇಡಿ, ಟಿಟ್ಟಿಭದ ಮೊಟ್ಟೆಗಳು ಕಲ್ಲಿನಂತೆಯೇ ಕಾಣುತ್ತವೆ. ತೋಳದ ಮರಿಗಳಿರುವ ಗುಹೆ ಕಂಡರೆ ಜಾಗವನ್ನು ಮೊಬೈಲಿನಲ್ಲಿ ಹಂಚಬೇಡಿ. ದಿನಾಂಕ, ಹೊತ್ತು, ಎಷ್ಟಿದ್ದವು, ಏನು ಮಾಡುತ್ತಿದ್ದವು ಎಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಭಾಷಣಕಾರರು ಆಗಲೇ ಎದ್ದು ನಿಂತಿದ್ದಾರೆ. ನಮಸ್ಕಾರ.